ನನ್ನ ಹೃದಯ ಆಯ್ಕೆಯಾಗಲಿಲ್ಲ

ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ, ಮೈಸೂರಿನ ಒಂದು ಆಸ್ಪತ್ರೆ. ಹಾಜರಿದ್ದವರು ನಾನು, ನನ್ನ ಯಜಮಾನರು ಮತ್ತು ಹೃದಯದ ಡಾಕ್ಟರು. ಹುಣಸೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತಳಾದವಳು ನಾನು. ಹಾಜರಿ ಹಾಕದೆ ಮಾತು ಶುರು ಮಾಡಲು ಬರುವುದಿಲ್ಲ.

ಹೃದಯಾಘಾತವಾದರೆ ಜನ ಹೆದರುತ್ತಾರಂತೆ. ಕೆಲವು ತಿಂಗಳ ಹಿಂದೆ ನನಗಾದಾಗ ಬಂದದ್ದು ಸಿಟ್ಟು. ಮುನ್ಸೂಚನೆ ಕೊಡದೆ, ಅದೂ ತಿಂಡಿಯ ಹೊತ್ತಿಗೆ ಬರುವುದೆಂದರೇನು? ಮೇಲಾಗಿ ಹೃದಯದ ಒಂದು ಮೂಲೆ ಸತ್ತಿದೆಯೆಂದರು. ನನ್ನ ಮೈಯೊಳಗೇ ಒಬ್ಬರು ಕೆಲಸ ಬಿಟ್ಟು ಕುಳಿತಿದ್ದಾರೆಂದರೆ ಸಹಿಸುವುದು ಹೇಗೆ? ದಾನಿಗಳ ಜೀವಕೋಶ ಸೇರಿಸಿ ಹೃದಯ ರಿಪೇರಿ ಮಾಡುವ ಚಿಕಿತ್ಸೆಯನ್ನು ಈ ಆಸ್ಪತ್ರೆಯಲ್ಲಿ ಪ್ರಯೋಗ ಮಾಡಿ ನೋಡುತ್ತಿದ್ದಾರೆಂದು ತಿಳಿದದ್ದೇ, ಇಸ್ತ್ರಿ ಸೀರೆ ಉಟ್ಟು ಹೊರಟುಬಿಟ್ಟೆ. ಯಜಮಾನರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹಿಂದೆಯೇ ಬಂದರು.

ಗುಣವಾಗುತ್ತದೆಂಬ ಭರವಸೆ ಇಲ್ಲ, ಅಪಾಯವೂ ಇರಬಹುದು ಎಂದರು ಡಾಕ್ಟರು. ಬೆಟ್ಟದಪುರದ ಹತ್ತಿರ ಹೊಗೆಸೊಪ್ಪು ಬೆಳೆಯುವ ಯಜಮಾನರು, ಸಾಲಿನಲ್ಲಿ ಸಸಿ ಸತ್ತ ಕಡೆ ಬೇರೆ ಸಸಿ ನೆಟ್ಟ ಹಾಗೋ ಎಂದು ಕೇಳಿದರು. ಪೂರ್ತಿ ಹಾಗಲ್ಲವಂತೆ. ಹೊಸ ಕೋಶಗಳು ಅಲ್ಲಿ ಬೇರೂರುವುದು ಕಡಿಮೆ. ಇದ್ದ ಹಳಬರನ್ನೇ ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತವೆಂದು ಅಂದಾಜು.

“ಅಂಗಾರೆ ಅವೂ ವಾರ್ಡನ್ನೇ ಅನ್ನಿ,” ಎಂದರು ಯಜಮಾನರು. “ಒಬ್ರನ್ನೇ ತಡ್ಕಳಾಕಾಯ್ತಿಲ್ಲ ಡಾಕ್ಟ್ರೇ, ಒಳಗೂ ತುಂಬ್ಬೇಡಿ.”

ಡಾಕ್ಟರು ನಕ್ಕ ನಗೆಗೆ ನರ್ಸ್ ಬಾಗಿಲು ತೆಗೆದು ನೋಡಿದಳು.

ಸ್ಕ್ಯಾನ್ ಆಯಿತು. ನನ್ನ ಹೃದಯ ರಕ್ತವನ್ನು ಚೆನ್ನಾಗಿಯೇ ಪಂಪ್ ಮಾಡುತ್ತಿದೆ. ತೀರಾ ಸೋತ ಹೃದಯಗಳಿಗಷ್ಟೇ ಈ ಪ್ರಯೋಗದಲ್ಲಿ ಜಾಗ. ಮಾತ್ರೆ, ನಡಿಗೆ, ವಿಶ್ರಾಂತಿ ಸಾಕು ಎಂದರು. ಜನ್ಮದಲ್ಲಿ ಫೇಲಾಗದವಳು ನಾನು! ಇನ್ನೊಮ್ಮೆ ಪರೀಕ್ಷೆಗೆ ಕೂರಬಹುದೇ ಎಂದು ಕೇಳಿದೆ. ಆರೋಗ್ಯ ಕೆಡಿಸಿಕೊಂಡು ಬಂದರೆ ನೋಡೋಣ ಎಂದರು.

ಹೊರಗೆ ಬಂದಾಗ ಯಜಮಾನರು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು. ಸೆಕೆಯೇ ಎಂದೆ.

“ನೀನು ಊಂ ಅಂದ್ಬುಟ್ಟು ಒಳಗೋಗಿ ಮಲೀಕಂಡಿದ್ರೆ, ನಾನು ಈ ಬೆಂಚಲ್ಲಿ ಎಂಗೆ ಕೂತಿರ್ತಿದ್ದೆ? ಇದ್ದಂಗೇ ಇರು ಕಣಮ್ಮಿ.”

ಇಸ್ತ್ರಿ ಸೀರೆಯ ಸೆರಗಿನಿಂದಲೇ ಅವರ ಮುಖ ಒರೆಸಿದೆ. ಹಾಸ್ಟೆಲಿನ ಹುಡುಗಿಯರು ಕೇಳಿದರೆ ನಂಬಲಾರರು.

ಮನೆಗೆ ಬಂದ ಮೇಲೆ, ವಿಶ್ರಾಂತಿ ಎಂದರೆ ವಿಶ್ರಾಂತಿ ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಾವೇ ಉಪ್ಪಿಟ್ಟು ಕೆದಕಿ, ಪಾತ್ರೆಯನ್ನೂ ತೊಳೆದರು. ಪಾತ್ರೆಗೆ ಅಂಟಿ ಉಳಿದ ರವೆ ಕುರ್ಚಿಯಿಂದಲೇ ನನಗೆ ಕಾಣುತ್ತಿತ್ತು. ಅವರು ಹೊಲದ ಕಡೆ ಹೋದರು. ನಾನು ಎದ್ದು, ಅದೇ ಪಾತ್ರೆಗಳನ್ನು ಸದ್ದಾಗದಂತೆ ಇನ್ನೊಮ್ಮೆ ತೊಳೆದು, ಅವರು ಇಟ್ಟಿದ್ದ ಹಾಗೆಯೇ ಸೊಟ್ಟಗೆ ಬೋರಲು ಹಾಕಿದೆ.