ಒಂದು ಕಿಟಕಿಗಾಗಿ ಭೂಮಂಡಲ

ಇಡೀ ಭೂಮಂಡಲವನ್ನೇ ಗೆದ್ದುಬಿಡುತ್ತೇನೆ ಅಂತ ನಾನು ಪಣ ತೊಟ್ಟಿದ್ದು ಒಂದು ಕಿಟಕಿಗಾಗಿ. ನಗಬೇಡಿ. ಆ ಕಿಟಕಿ ಎಂಥದ್ದು ಅಂತ ಮೊದಲು ಕೇಳಿ.

ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಈ ಮನೆಗೆ ಬಂದ ಮೇಲೆ ನನ್ನ ಮಂಡಿಗಳೆರಡೂ ಮುಷ್ಕರ ಹೂಡಿವೆ. ಇಳಿದರೆ ಮತ್ತೆ ಹತ್ತುವ ಖಾತ್ರಿಯಿಲ್ಲ. ಹಾಗಾಗಿ ನನ್ನ ಪಾಲಿಗೆ ಲೋಕ ಅಂತ ಉಳಿದಿರುವುದು ಹಜಾರದ ಆ ಒಂದು ಕಿಟಕಿಯಲ್ಲಿ. ಅಲ್ಲಿ ಕೂತರೆ ಕೆಳಗಿನ ಕ್ಷೌರದಂಗಡಿಯ ರಾಜಕೀಯ, ಎದುರುಮನೆ ಗಂಡಹೆಂಡಿರ ನಿನ್ನೆಯ ಜಗಳದ ಉಳಿದ ಭಾಗ, ಬಸ್ಸಿಗೆ ಕಾಯುವ ಹುಡುಗಿಯರ ಗುಸುಗುಸು, ಎಲ್ಲ ಕಿವಿಗೆ ಬೀಳುತ್ತದೆ. ನಾನು ಶಾಲೆಯಲ್ಲಿ ಹೆಚ್ಚು ಕೂತವಳಲ್ಲ. ತಿಳಿದದ್ದೆಲ್ಲ ಕಿವಿಯಿಂದಲೇ ತಿಳಿದದ್ದು.

ಯಜಮಾನರಿಗೂ ಅದೇ ಕಿಟಕಿ ಬೇಕು. ಅವರು ಗಡಿಯಾರ ರಿಪೇರಿಯವರು. ಅಂಗಡಿ ಮುಚ್ಚಿದರೂ ಹಳೇ ಗಿರಾಕಿಗಳು ಮನೆ ಹುಡುಕಿಕೊಂಡು ಬರುತ್ತಾರೆ. ಕಣ್ಣು ಮಂಜಾಗಿದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮೇಜಿನ ಮೇಲಿರುವುದು ಸ್ಕ್ರೂವೋ ಇರುವೆಯೋ ಗೊತ್ತಾಗುವುದಿಲ್ಲ.

"ಬೆಳಕಿಲ್ದಿದ್ರೆ ನಾನು ಕೈ ಕಟ್ಕೊಂಡು ಕೂರಬೇಕಾಗುತ್ತೆ ಕಣೇ."

"ಕಿಟಕಿ ಇಲ್ದಿದ್ರೆ ನಾನು ಬದುಕಿದ್ದೂ ಗೋಡೆ ನೋಡ್ಕೊಂಡು ಕೂರಬೇಕಾಗುತ್ತೆ."

"ಹಾಗಾದ್ರೆ ಇಬ್ಬರೂ ಅಲ್ಲೇ ಕೂತ್ಕೊಳ್ಳಿ" ಅಂದ ಮಗ.

"ಇವರ ಮೇಜು ಬಂದ್ರೆ ಅಲ್ಲಿ ಗುಬ್ಬಿ ಕೂರೋಕೂ ಜಾಗ ಇರಲ್ಲ" ಅಂದೆ. ಮಗ ಟವೆಲ್ ಎಳೆದುಕೊಂಡು ಸ್ನಾನಕ್ಕೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ.

ವ್ಯಾಜ್ಯ ಬಗೆಹರಿಸಿದವಳು ಸೊಸೆ. ಅವಳು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ರಕ್ತ ಎಲ್ಲಿ ಕುದಿಯುತ್ತಿದೆ ಅಂತ ಅವಳಿಗೆ ಬೇಗ ಗೊತ್ತಾಗುತ್ತದೆ. ತನ್ನ ಟ್ಯಾಬ್ ತಂದು ನಮ್ಮಿಬ್ಬರ ನಡುವೆ ಇಟ್ಟಳು.

"ಅತ್ತೆ, ಮಾವ, ಇದು ರಾಜ್ಯ ಕಟ್ಟೋ ಆಟ. ಒಬ್ಬರು ಆಡಿ ಮುಗಿಸಿದ ಮೇಲೆ ಇನ್ನೊಬ್ಬರ ಸರದಿ, ಅವಸರ ಇಲ್ಲ. ಭಾನುವಾರ ಸಂಜೆ ಯಾರ ಕೈಲಿ ಹೆಚ್ಚು ಊರು ಇರುತ್ತೋ ಕಿಟಕಿ ಅವರದ್ದು. ಅಲ್ಲೀವರೆಗೂ ಯಾರ ಸರದಿಯೋ ಅವರು ಕಿಟಕಿ ಹತ್ರ ಕೂತ್ಕೊಂಡು ಆಡಿ."

"ಯುದ್ಧ ಉಂಟಾ?" ಅಂತ ಇವರು ಕೇಳಿದರು.

"ಅದನ್ನ ಆಫ್ ಮಾಡಿದೀನಿ ಮಾವ. ಮನೇಲಿ ನಡೀತಿರೋದೇ ಸಾಕು."

ನನಗೆ ಒಳಗೊಳಗೇ ನಗು. ತಾಳ್ಮೆಯ ಆಟದಲ್ಲಿ ನನ್ನನ್ನು ಸೋಲಿಸುವವರು ಯಾರು? ಈ ಮನುಷ್ಯನ ಜೊತೆ ಒಂದು ಆಯುಷ್ಯ ಕಳೆದವಳು ನಾನು.

ಆದರೆ ಟ್ಯಾಬ್ ಬೆಳಗಿದ ಕೂಡಲೇ ನನ್ನ ನಗು ನಿಂತುಹೋಯಿತು. ಏನು ಹೇಳಲಿ! ಮೊದಲು ಎಲ್ಲ ಕತ್ತಲೆ. ನಡುವೆ ಅಂಗೈಯಷ್ಟು ಹಸಿರು, ಅದರ ಮೇಲೆ ಒಬ್ಬ ಚಿಕ್ಕ ಮನುಷ್ಯ. ಅವನನ್ನು ಬೆರಳಿನಿಂದ ಒಂದು ಹೆಜ್ಜೆ ಮುಂದೆ ಕಳಿಸಿದರೆ ಕತ್ತಲೆ ಪರದೆ ಸರಿದ ಹಾಗೆ ಸರಿಯುತ್ತದೆ, ಅಲ್ಲೊಂದು ಬೆಟ್ಟ ನಿಂತಿರುತ್ತದೆ. ಇನ್ನೊಂದು ಹೆಜ್ಜೆಗೆ ಹೊಳೆ. ಮತ್ತೊಂದಕ್ಕೆ ಸಮುದ್ರ, ಅದರಲ್ಲಿ ಬೆನ್ನು ತೋರಿಸಿ ಮುಳುಗುವ ತಿಮಿಂಗಿಲ. ಮೆಟ್ಟಿಲು ಇಳಿಯಲಾರದ ನಾನು ಕೂತಲ್ಲೇ ಸಮುದ್ರದ ತನಕ ನಡೆದಿದ್ದೆ. ಕಣ್ಣು ತುಂಬಿ ಬಂತು. "ಅತ್ತೆ, ಆಡಿ" ಅಂದಳು ಸೊಸೆ. ಆಡುವುದನ್ನೇ ಮರೆತಿದ್ದೆ.

ಹೊಸ ಊರು ಕಟ್ಟಲು ವಲಸಿಗರನ್ನು ಕಳಿಸಬೇಕು. ಒಂದು ಗಾಡಿ, ಗಾಡಿಯ ಮೇಲೆ ಗಂಟುಮೂಟೆ, ಪಕ್ಕದಲ್ಲಿ ಗಂಡ ಹೆಂಡತಿ. ನಿಂತಲ್ಲಿ ಬೆರಳು ಒತ್ತಿದರೆ ಢಮಢಮ ನಗಾರಿ ಬಾರಿಸುತ್ತದೆ, ಕೆಂಪು ಚಾವಣಿಯ ಊರು ಮೇಲೇಳುತ್ತದೆ. ಕೆಂಪು ನನ್ನದು, ನೀಲಿ ಇವರದ್ದು.

ಆ ನಗಾರಿಯೇ ಒಂದು ತೊಂದರೆಯಾಯಿತು. "ಅದರ ಬಾಯಿ ಮುಚ್ಚಿಸೇ, ನನಗೆ ಗಡಿಯಾರದ ಉಸಿರು ಕೇಳಿಸ್ತಿಲ್ಲ" ಅಂತ ಇವರು. ನನಗೂ ಎದುರುಮನೆಯ ಜಗಳ ಕೇಳಿಸುತ್ತಿರಲಿಲ್ಲ. ಧಾರಾಳ ಮನಸ್ಸಿನಿಂದ ಶಬ್ದ ತೆಗೆಸಿಬಿಟ್ಟೆ. ಇವರು ಮಾತ್ರ ತಮ್ಮ ಸರದಿಯಲ್ಲಿ ಮಗನ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು, ಶಬ್ದ ಹಾಕಿಸಿಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದರು. ನಿದ್ದೆಯೋ ಆಟವೋ ತಿಳಿಯದು.

ನಾನು ಹಾಗಲ್ಲ. ಕಿವಿ ಬೀದಿಗೆ, ಬೆರಳು ಸಾಮ್ರಾಜ್ಯಕ್ಕೆ. ಖಾಲಿ ಜಾಗ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಹೊಳೆ ದಂಡೆಯಲ್ಲಿ ಊರು, ಬೆಟ್ಟದ ಬುಡದಲ್ಲಿ ಊರು. ಒಳ್ಳೆ ಜಾಗ ಮುಗಿದ ಮೇಲೆ ಮರಳುಗಾಡಿನಲ್ಲಿ ಊರು. ಅದೂ ತುಂಬಿದ ಮೇಲೆ ಹಿಮದ ಮೇಲೆ, ನಾಯಿಯೂ ನಿಲ್ಲದ ಕಡೆ, ಒಂದು ಊರು ಕುಕ್ಕಿದೆ.

"ಅಲ್ಲಿ ಯಾರೇ ಇರ್ತಾರೆ?" ಅಂದರು ಇವರು.

"ನಾನು ಕಳಿಸಿದವರು ಇರ್ತಾರೆ. ನಿಮ್ಮದು ಎಷ್ಟು ಊರಾಯ್ತು?"

"ಒಂದೇ."

"ಇನ್ನೂ ಒಂದೇನಾ?"

"ಅದೇ ಇನ್ನೂ ಮುಗಿದಿಲ್ಲ."

ಇಂಥವರ ಮೇಲೆ ಗೆಲ್ಲುವುದಕ್ಕೂ ಸಂಕೋಚ ಆಯಿತು ನನಗೆ.

ನನ್ನ ಪ್ರತಿ ಸರದಿಗೂ ಒಬ್ಬ ಗಡ್ಡದ ಮಂತ್ರಿ ಮೂಲೆಯಲ್ಲಿ ಎದ್ದು ನಿಲ್ಲುತ್ತಿದ್ದ. ಕೈ ಮುಗಿಯುತ್ತಿದ್ದ, ತುಟಿ ಆಡಿಸುತ್ತಿದ್ದ, ಒಮ್ಮೊಮ್ಮೆ ಪೇಟ ತೆಗೆದು ನೆಲದ ಮೇಲಿಡುತ್ತಿದ್ದ. ಎಂಥ ಭಕ್ತಿ! ನಮ್ಮ ಮನೆಯಲ್ಲಿ ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಹೊಗಳಿರಲಿಲ್ಲ. "ಸಾಕಪ್ಪ, ಸಾಕು" ಅಂತ ಬೆರಳಿನಿಂದ ಅವನನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಗಾಡಿ ಕಳಿಸುತ್ತಿದ್ದೆ.

ಶನಿವಾರದ ಹೊತ್ತಿಗೆ ಭೂಪಟವೆಲ್ಲ ಕೆಂಪು. ನಡುವೆ ಒಂದೇ ಒಂದು ನೀಲಿ ಚುಕ್ಕೆ. ಕಿಟಕಿಗೆ ಹೊಸ ಪರದೆ ಯಾವ ಬಣ್ಣದ್ದು ಅಂತ ಸೊಸೆಯ ಹತ್ತಿರ ಚರ್ಚೆಯೂ ಆಯಿತು.

ಭಾನುವಾರ ಊಟ ಮುಗಿಸಿ ನೋಡುತ್ತೇನೆ, ಹಿಮದ ಊರು ನೀಲಿಯಾಗಿದೆ. ಚಳಿಗೆ ನೀಲಿ ತಿರುಗಿರಬೇಕು ಅಂದುಕೊಂಡೆ. ಮುಂದಿನ ಸರದಿಗೆ ಮರಳುಗಾಡೂ ನೀಲಿ. ಅದರ ಮುಂದಿನದಕ್ಕೆ ಬೆಟ್ಟದ ಬುಡ.

"ರೀ, ನನ್ನ ಊರಿಗೆ ಕೈ ಹಾಕಿದ್ರಾ?"

"ನಾನು ನನ್ನ ಊರು ಬಿಟ್ಟು ಕದಲಿಲ್ಲ. ಅವರೇ ಬಂದ್ರು."

"ಕರೀದೆ ಯಾರಾದ್ರೂ ಬರ್ತಾರಾ?"

"ಬಂದಿದಾರಲ್ಲ."

ಸೊಸೆಯನ್ನು ಕೂಗಿದೆ. ಟ್ಯಾಬ್ ಕೆಟ್ಟಿದೆ ಅಂದೆ. ಅವಳು ಬಂದು ಶಬ್ದ ಹಾಕಿದಳು. ಗಡ್ಡದ ಮಂತ್ರಿಯ ಗಂಟಲು ಕಟ್ಟಿಹೋಗಿತ್ತು. "ಮಹಾರಾಣಿ, ಇನ್ನೊಮ್ಮೆ ಬೇಡಿಕೊಳ್ಳುತ್ತೇನೆ. ಹೊಳೆ ದಂಡೆಯವರು ಒಂದು ಸೇತುವೆ ಕೇಳುತ್ತಿದ್ದಾರೆ. ಮರಳುಗಾಡಿನವರು ಒಂದು ಬಾವಿ ಕೇಳುತ್ತಿದ್ದರು, ಹಿಮದವರು ಸೌದೆ ಕೇಳುತ್ತಿದ್ದರು, ಈಗ ಕೇಳುತ್ತಿಲ್ಲ. ಊರನ್ನೇ ನೀಲಿಯವರಿಗೆ ಒಪ್ಪಿಸಿ ಹೊರಟುಹೋದರು."

ಸೊಸೆ ನನ್ನ ಮುಖ ನೋಡಿದಳು. "ಅತ್ತೆ, ಈ ಮಂತ್ರಿ ಮೊದಲ ದಿನದಿಂದ ಗೋಗರೀತಾ ಇದಾನೆ. ನಿಮಗೆ ಏನೂ ಅನ್ನಿಸಲಿಲ್ವಾ?"

"ಹೊಗಳ್ತಿದಾನೆ ಅಂದ್ಕೊಂಡಿದ್ದೆ."

"ಬೀದೀಲಿ ಯಾರು ಕೆಮ್ಮಿದ್ರೂ ನಿಮಗೆ ಗೊತ್ತಾಗುತ್ತೆ."

ಒಂದೊಂದು ಸರದಿಗೂ ಒಂದೊಂದು ಊರು ಜಾರಿತು. ಕಡೆಗೆ ನನ್ನ ರಾಜಧಾನಿ ಒಂದೇ ಉಳಿಯಿತು. ಆಗ ಮಂತ್ರಿ ಪೇಟ ಕೈಯಲ್ಲಿ ಹಿಡಿದು ಬಂದ. ರಾಜಧಾನಿಯ ಜನವೂ ನೀಲಿ ಊರಿಗೆ ಸೇರಲು ಕೇಳುತ್ತಿದ್ದಾರಂತೆ, ಮಹಾರಾಣಿ ಒಪ್ಪಿದರೆ ಮಾತ್ರವಂತೆ.

"ಅಂಥದ್ದೇನಿದೆ ರೀ ನಿಮ್ಮ ಊರಲ್ಲಿ?" ಅಂದೆ.

ಇವರು ಟ್ಯಾಬ್ ಮೇಲೆ ಎರಡು ಬೆರಳಿಟ್ಟು ಅಗಲಿಸಿದರು. ಆ ನೀಲಿ ಚುಕ್ಕೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ನಾನು ಇಷ್ಟು ಹತ್ತಿರ ಹೋಗಿ ನನ್ನ ಯಾವ ಊರನ್ನೂ ನೋಡಿರಲಿಲ್ಲ. ಬೀದಿ ಬೀದಿಗೂ ದೀಪ. ಬಾವಿಯ ಕಟ್ಟೆಯ ಮೇಲೆ ಮುದುಕರು. ಬಯಲಲ್ಲಿ ಯಾರೋ ತಂತಿವಾದ್ಯ ನುಡಿಸುತ್ತಿದ್ದರು, ಸುತ್ತ ಜನ ಕೂತಿದ್ದರು. ನನ್ನ ಹಿಮದ ಊರಿನ ಆ ಗಾಡಿ, ಆ ಗಂಟುಮೂಟೆ, ಆ ಗಂಡ ಹೆಂಡತಿ, ಅಲ್ಲೇ ಒಂದು ಒಲೆಯ ಮುಂದೆ ಕೈ ಕಾಯಿಸುತ್ತಿದ್ದರು. ನನಗೆ ಉಸಿರಾಡಲೂ ಭಯವಾಯಿತು. ಇದನ್ನೆಲ್ಲ ಈ ಮನುಷ್ಯ ಕಣ್ಣು ಮುಚ್ಚಿ ತನ್ನ ಮಂತ್ರಿಯ ಮಾತು ಕೇಳುತ್ತ ಕೂತು, ಗಡಿಯಾರಕ್ಕೆ ಒಂದೊಂದೇ ಹಲ್ಲಿನ ಚಕ್ರ ಕೂರಿಸಿದ ಹಾಗೆ ಕೂರಿಸಿದ್ದರು.

ಆ ವಾದ್ಯವನ್ನು ಎಷ್ಟು ಹೊತ್ತು ಕೇಳುತ್ತ ಕೂತೆನೋ ಗೊತ್ತಿಲ್ಲ. ಆಮೇಲೆ "ಒಪ್ಪಿಗೆ" ಅನ್ನುವುದನ್ನು ನಾನೇ ಒತ್ತಿದೆ. ನನಗೇ ಅಲ್ಲಿಗೆ ಹೋಗಿಬಿಡಬೇಕು ಅನ್ನಿಸಿತ್ತು, ಅವರನ್ನು ಹೇಗೆ ತಡೆಯಲಿ?

ಸೋಮವಾರ ಬೆಳಿಗ್ಗೆ ಮೇಜು ಕಿಟಕಿಗೆ ಹೋಯಿತು. ನಾನು ಒಳಗಿನ ಕೋಣೆಯಲ್ಲಿ ಗೋಡೆ ನೋಡಿಕೊಂಡು ಕೂತೆ. ಕೆಳಗೆ ಬಸ್ಸು ಬಂದು ನಿಂತದ್ದು ಎಲ್ಲೋ ದೂರದ ಊರಿನ ಸದ್ದಿನ ಹಾಗೆ ಕೇಳಿಸಿತು. ತಡೆಯಲಾಗಲಿಲ್ಲ, ಬಾಗಿಲಿಗೆ ಬಂದು ಇಣುಕಿದೆ. ಇವರು ಮೇಜನ್ನು ಅಡ್ಡ ಇಟ್ಟಿರಲಿಲ್ಲ, ಉದ್ದಕ್ಕೆ ತಿರುಗಿಸಿಟ್ಟಿದ್ದರು. ಪಕ್ಕದಲ್ಲಿ ಒಂದು ಕುರ್ಚಿ ಹಿಡಿಯುವಷ್ಟು ಜಾಗ ಖಾಲಿ ಬಿದ್ದಿತ್ತು.

ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಬಂದೆ. ಕುರ್ಚಿಯ ಮೇಲೆ ದಿಂಬು, ದಿಂಬಿನ ಮೇಲೆ ಹೊಲಿಗೆ ಬುಟ್ಟಿ, ಬುಟ್ಟಿಯ ಮೇಲೆ ನೀರಿನ ಚೊಂಬು, ಕಂಕುಳಲ್ಲಿ ಕಾಲಿಡುವ ಮಣೆ.

ಇವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ನನ್ನ ಕಡೆ ತಿರುಗಿದರು.

"ಸೇರ್ಕೊಳೋಕೆ ಬಂದ್ಯಾ?"

"ಹೂಂ."

"ಕುರ್ಚಿಗೆ ಒಪ್ಪಿಗೆ" ಅಂದರು. "ಉಳಿದ ದಂಡು ಗಡಿಯಾಚೆ ಇರಲಿ."