ಐವರ್ನಾಡಿನ ಸ್ನೇಹ ವಿಸರ್ಜನಾ ಸಮಾರಂಭ

ಗೆಳತಿಯನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕಾದರೆ ಮೊದಲು ಆಕೆ ಗೆಳತಿಯಲ್ಲ ಎಂದು ರುಜುವಾತು ಮಾಡಬೇಕು ಎಂಬುದು ಪುತ್ತೂರು, ಸುಳ್ಯ ಮತ್ತು ಕಡಬ, ಈ ಮೂರೂ ತಾಲೂಕುಗಳಿಗೆ ಸಮಾನವಾಗಿ ಅನ್ವಯಿಸುವ ನಿಯಮ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಗೊತ್ತಿಲ್ಲದವರು ನಗುತ್ತಾರೆ, ಗೊತ್ತಾದವರು ಅರ್ಜಿ ಹಾಕುತ್ತಾರೆ.

ಐವರ್ನಾಡಿನ ಯಶ್ಮಿತಾಳಿಗೆ ಗೊತ್ತಿರಲಿಲ್ಲ. ಲಾಕ್‌ಡೌನಿನಲ್ಲಿ ಊರಿನ ಹೆಂಗಸರೆಲ್ಲ ಕುಕ್ಕರಿಗೆ ಉಪ್ಪು ಹರಡಿ ಕೇಕು ಬೇಯಿಸಿದರಷ್ಟೆ. ಎರಡನೆಯ ಸಲಕ್ಕೆ ಕುಕ್ಕರಿನ ತಳ ನೋಡಿ ಎಲ್ಲರೂ ಬಿಟ್ಟರು, ಇವಳು ಬಿಡಲಿಲ್ಲ. ಬಿಡದೆ ಮಾಡಿ ಮಾಡಿ ಕೈ ಕುದುರಿತು. ಲಾಕ್‌ಡೌನು ಹೋಯಿತು, ಕುಕ್ಕರು ಹೋಗಿ ಮೈಕ್ರೋವೇವಿನ ಗಾತ್ರದ ಒಂದು ಸಣ್ಣ ಒವನ್ ಬಂತು, ಆಲಂಕಾರಿನಿಂದ ಹುಟ್ಟುಹಬ್ಬಕ್ಕೆ, ಪುತ್ತೂರಿನಿಂದ ಮದರಂಗಿಗೆ ಅಂತ ಆರ್ಡರೂ ಬರತೊಡಗಿತು. ಅವಳ ಕೇಕು ಒಳಗಿನಿಂದ ಬಹಳ ಚೆಂದ. ಹೊರಗಿನಿಂದ ನೋಡಿದರೆ ಮಾತ್ರ ಮೇಸ್ತ್ರಿ ಅರ್ಧಕ್ಕೆ ಬಿಟ್ಟುಹೋದ ಗೋಡೆ.

ಆ ಗೋಡೆಗೆ ಕಳೆ ತಂದವಳು ಅಪೇಕ್ಷಾ. ಅಂಗನವಾಡಿಯಿಂದ ಪಿಯುಸಿವರೆಗೆ ಯಶ್ಮಿತಾಳ ಪಕ್ಕದಲ್ಲೇ ಕೂತವಳು, ಮನೆಯೂ ರಸ್ತೆಯ ಒಂದು ತಿರುವಿನ ಆಚೆ. ಪುತ್ತೂರಿನ ಬಟ್ಟೆ ಅಂಗಡಿಯೊಂದರಲ್ಲಿ ಒಂಬತ್ತು ವರ್ಷ ಸೀರೆ ಬಿಡಿಸಿ ಮಡಚಿದಳು. ಅಂಗಡಿ ಬಾಗಿಲು ಹಾಕಿತು. ಮರುದಿನ ಬೆಳಿಗ್ಗೆ ಇವಳ ಅಡುಗೆಮನೆಗೆ ಬಂದವಳು ಕ್ರೀಮಿನ ಕೋನು ಕೈಗೆತ್ತಿಕೊಂಡಳು. ಹತ್ತು ನಿಮಿಷದಲ್ಲಿ ಕೇಕಿನ ಮೇಲೆ ಹನ್ನೆರಡು ಗುಲಾಬಿ. ಯಶ್ಮಿತಾ ಬಾಯಿಗೆ ಕೈ ಇಟ್ಟುಕೊಂಡಳು. ಎಂಥ ಕೈ ಮಾರಾಯ್ರೆ ಅದು!

ಸಣ್ಣ ಒವನಿನಲ್ಲಿ ದಿನಕ್ಕೆ ಮೂರು ಕೇಕು ಬೆಂದರೆ ಹೆಚ್ಚು. ಅಷ್ಟರಲ್ಲಿ ಇಬ್ಬರ ಹೊಟ್ಟೆ ತುಂಬುವುದಿಲ್ಲ. ಇನ್ನೆರಡು ತಿಂಗಳಲ್ಲಿ ಒಂದು ದಾರಿ ಆಗದಿದ್ದರೆ ಅಪೇಕ್ಷಾ ಮಂಗಳೂರಿಗೆ ಹೋಗಿ ಯಾವುದೋ ಹಾಸ್ಟೆಲಿನ ಅಡುಗೆಗೆ ಸೇರುವುದು ಅಂತ ಅವಳ ಮನೆಯಲ್ಲಿ ತೀರ್ಮಾನವಾಗಿತ್ತು. ಆಗ ಕಣ್ಣಿಗೆ ಬಿದ್ದದ್ದು ತ್ರಿತಾಲೂಕು ಗೃಹಪಾಕ ಉತ್ತೇಜನ ನಿಗಮದ ಪ್ರಕಟಣೆ. 'ಒಂದು ಮನೆ, ಒಂದು ಒವನ್, ಒಂದು ಉದ್ಯೋಗ.' ಮನೆಯಲ್ಲಿ ಬೇಕರಿ ನಡೆಸಿ ಒಬ್ಬರಿಗೆ ಕೆಲಸ ಕೊಟ್ಟವರಿಗೆ ಎರಡು ಅಂತಸ್ತಿನ ದೊಡ್ಡ ಒವನ್ ಉಚಿತ.

ಗೆಳತಿಯನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೋ ಬೇಡವೋ ಎಂದು ಐವರ್ನಾಡು ಪೇಟೆಯಲ್ಲಿ ಅಭಿಪ್ರಾಯಗಳಿಗೆ ಬರಗಾಲ ಇರಲಿಲ್ಲ. ಕೇಕುಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಊರೂರಿಗೆ ಮುಟ್ಟಿಸುವ ರಿಕ್ಷಾದ ಬೋಜನದ್ದೇ ಎಲ್ಲರಿಗಿಂತ ಗಟ್ಟಿ. ಸಂಬಳ ಕೊಟ್ಟರೆ ಗೆಳೆತನ ಹೋಗ್ತದೆ, ಕೊಡದಿದ್ದರೆ ಗೆಳತಿಯೇ ಹೋಗ್ತಾಳೆ, ಯಾವುದು ಬೇಕು ನೋಡಿಕೊಳ್ಳಿ ಎಂದ. ಯಶ್ಮಿತಾಳಿಗೆ ಎರಡೂ ಬೇಕಿತ್ತು. ಅರ್ಜಿ ತುಂಬಿಸಿದಳು.

ನಿಗಮದ ಕ್ಷೇತ್ರಾಧಿಕಾರಿ ಗೌರೀಶಂಕರರು ಸಜ್ಜನರು. ಲಂಚ ಮುಟ್ಟುವವರಲ್ಲ. ಕೇಕು ಕೊಟ್ಟರೆ ಮಾತ್ರ ಬೇಡ ಅನ್ನುತ್ತಿರಲಿಲ್ಲ, ಗುಣಮಟ್ಟ ಪರೀಕ್ಷೆ ಅವರ ಕರ್ತವ್ಯದಲ್ಲೇ ಬರುತ್ತಿತ್ತು. ಪರೀಕ್ಷೆಗೆ ಕಡಿಮೆಯೆಂದರೆ ಒಂದು ಕೆ.ಜಿ. ಬೇಕು. ಮೊದಲ ದಿನ ಅರ್ಜಿಯ ಮೇಲೆ ಬೆರಳಾಡಿಸುತ್ತಾ ಒಂದು ಕಡೆ ನಿಂತರು.

"ಈ ಅಪೇಕ್ಷಾ ನಿಮಗೆ ಎಂತ ಆಗ್ಬೇಕು?"

"ಫ್ರೆಂಡ್ ಸರ್."

ಗೌರೀಶಂಕರರು ಪೆನ್ನು ಕೆಳಗಿಟ್ಟರು. ಕಡಬದ ಕಡೆಯ ಒಂದು ಮನೆಯಲ್ಲಿ ಇಬ್ಬರು ಗೆಳತಿಯರು ಮಾತಾಡುತ್ತಾ ಕೂತು, ಕೇಕು ಕರಟಿ, ಒವನೂ ಕರಟಿದ ಪ್ರಕರಣವನ್ನು ಸಾವಕಾಶವಾಗಿ ವಿವರಿಸಿದರು. ಅದಾದ ಮೇಲೆ ನಿಗಮವು ಒಂದು ಅಧ್ಯಯನ ಮಾಡಿಸಿತ್ತು. ಗೆಳತಿಯರ ಒಂದು ಮಾತುಕತೆಯ ಸರಾಸರಿ ಅವಧಿ ನಲವತ್ತು ನಿಮಿಷ, ಒಂದು ಕೇಕು ಬೇಯುವ ಅವಧಿ ಮೂವತ್ತೈದು ನಿಮಿಷ, ಉಳಿದ ಐದು ನಿಮಿಷವೇ ನಿಗಮದ ನಷ್ಟ. ಹಾಗಾಗಿ ಸುತ್ತೋಲೆ. ಉದ್ಯೋಗಿಯು ಮಾಲಕರ ಮಿತ್ರರಾಗಿರತಕ್ಕದ್ದಲ್ಲ. ಮಿತ್ರ ಎಂದರೆ ಯಾರು ಎಂಬ ಗೊಂದಲ ಬರಬಾರದೆಂದು ವ್ಯಾಖ್ಯೆಯೂ ಇತ್ತು: 'ಕಾರಣವಿಲ್ಲದೆ ಮನೆಗೆ ಬರುವ, ಕರೆಯದೆ ಅಡುಗೆಮನೆ ಹೊಗುವ, ಕೇಳದೆ ಸಕ್ಕರೆ ಡಬ್ಬ ತೆಗೆಯುವ ವ್ಯಕ್ತಿ.'

ಹಾಗಾದರೆ ಗುರುತು ಪರಿಚಯ ಇಲ್ಲದವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಕಾ ಅಂತ ಯಶ್ಮಿತಾ ಕೇಳಿದಳು. ಅಪರಿಚಿತರಾದರೆ ಪೊಲೀಸ್ ಪರಿಶೀಲನೆ ಆಗಬೇಕು, ಅದಕ್ಕೆ ಒಂದು ವರ್ಷ ಹಿಡಿಯುತ್ತದೆ ಎಂದರು ಗೌರೀಶಂಕರರು. ಅದಕ್ಕಿಂತ ಏಳನೆಯ ನಮೂನೆ ಸುಲಭ. ಸ್ನೇಹರಾಹಿತ್ಯ ಪ್ರಮಾಣಪತ್ರ. ಒಬ್ಬ ನೆರೆಯವರ ಸಾಕ್ಷಿ ಸಾಕು.

ನೆರೆಯಲ್ಲಿದ್ದದ್ದು ಬೀಫಾತುಮ್ಮ. ಎಪ್ಪತ್ತು ದಾಟಿದ ಹಿರಿಯಾಕೆ, ಈ ಇಬ್ಬರೂ ಲಂಗ ಹಾಕುತ್ತಿದ್ದ ಕಾಲದಿಂದ ನೋಡಿದವರು. ಯಶ್ಮಿತಾ ಮೊದಲೇ ಹೋಗಿ, ಏನೂ ಇಲ್ಲ, ಆಫೀಸಿನವರು ಕೇಳಿದರೆ ನಮ್ಮೊಳಗೆ ಅಷ್ಟಕ್ಕಷ್ಟೆ ಅಂತ ಹೇಳಿ ಸಾಕು ಎಂದು ಬೇಡಿಕೊಂಡಿದ್ದಳು. ಬೀಫಾತುಮ್ಮ ಆಯಿತು ಎಂದಿದ್ದರು. ಅಧಿಕಾರಿ ಎದುರು ಕೂತಾಗ ಮಾತ್ರ ಅವರ ನಾಲಿಗೆ ತಿರುಗಲಿಲ್ಲ.

"ಎಂತದ್ದು ಫ್ರೆಂಡ್ ಅಲ್ವಾ? ಒಬ್ಬಳಿಗೆ ಜ್ವರ ಬಂದ್ರೆ ಇನ್ನೊಬ್ಬಳು ಗಂಜಿ ಉಣ್ಣುದು ಬಿಡ್ತಿದ್ಳು ಸಾರ್. ನಾನು ಹಜ್ಜಿಗೆ ಹೋಗಿ ಬಂದವಳು, ಸುಳ್ಳಿಗೆ ಸಹಿ ಹಾಕುದಿಲ್ಲ."

ಅರ್ಜಿ ತಿರಸ್ಕೃತವಾಯಿತು. ಸತ್ಯ ಹೇಳಿದ್ದಕ್ಕೆ ಬೀಫಾತುಮ್ಮನ ಮೇಲೆ ಯಾರೂ ಸಿಟ್ಟು ಮಾಡಲಿಲ್ಲ, ಒಂದು ವಾರ ಮಾತಾಡಿಸಲಿಲ್ಲ ಅಷ್ಟೆ.

ಗೌರೀಶಂಕರರಿಗೇ ಕನಿಕರ ಬಂತು. ನಿಯಮಗಳನ್ನು ತಿರುವಿಹಾಕಿ ಹದಿನಾಲ್ಕನೆಯ ಉಪನಿಯಮ ಹುಡುಕಿ ತೆಗೆದರು. ಈಗಾಗಲೇ ಸ್ನೇಹ ಇದ್ದಲ್ಲಿ ಅದನ್ನು ಸಾರ್ವಜನಿಕವಾಗಿ ವಿಸರ್ಜಿಸಬಹುದು. ಕಡಿಮೆಯೆಂದರೆ ಐವತ್ತು ಮಂದಿಯ ಎದುರು ಎರಡೂ ಕಡೆಯವರು ತಲಾ ಮೂರು ಕಾರಣ ಹೇಳಬೇಕು. ಅವಧಿ ಎರಡು ವರ್ಷ. ಆ ಮೇಲೆ ಬೇಕಿದ್ದರೆ ಸ್ನೇಹ ಮುಂದುವರಿಸಬಹುದು, ಇಲ್ಲವೇ ವಿಸರ್ಜನೆಯನ್ನು ನವೀಕರಿಸಬಹುದು.

ಸಾರ್ವಜನಿಕ ಎಂಬ ಒಂದು ಶಬ್ದ ಸಾಕಾಯಿತು. ನಮ್ಮ ಈ ಕಡೆ ಬಸ್‌ಸ್ಟ್ಯಾಂಡಿಗೆ ಒಂದು ಬೆಂಚು ಇಡುವುದಾದರೂ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಸನ್ಮಾನ, ವಂದನಾರ್ಪಣೆ ಇಲ್ಲದೆ ಆಗುವುದುಂಟೆ? ಮೂರು ದಿನದಲ್ಲಿ ಸಮಿತಿ ಆಯಿತು. ಯಾವ ಕಾರ್ಯಕ್ರಮವಾದರೂ ಮೈಕು ಹಿಡಿಯುವ ಉಲ್ಲಾಸ್ ಸಂಚಾಲಕ. ಗೌರವಾಧ್ಯಕ್ಷರು ನಾಲ್ಕು, ಅಧ್ಯಕ್ಷರು ಒಂದು, ಉಪಾಧ್ಯಕ್ಷರು ಹನ್ನೊಂದು. ಪೇಟೆಯಲ್ಲಿ ಫ್ಲೆಕ್ಸ್ ಎದ್ದಿತು. ಅದರಲ್ಲಿ ಇಬ್ಬರು ಗೆಳತಿಯರ ಫೋಟೋ ಅಂಚೆಚೀಟಿಯಷ್ಟು, ಸಮಿತಿಯವರದ್ದು ಅಡಿಗಟ್ಟಲೆ. ಆಮಂತ್ರಣ ಪತ್ರದ ಒಕ್ಕಣೆ ಹೀಗಿತ್ತು: 'ಸ್ನೇಹ ವಿಸರ್ಜನಾ ಸಮಾರಂಭ. ತಾವು ಬಂಧುಮಿತ್ರರೊಂದಿಗೆ ಆಗಮಿಸಿ ಚಂದಗಾಣಿಸಿಕೊಡಬೇಕಾಗಿ ವಿನಂತಿ.' ಮಿತ್ರರು ಎಂಬುದಕ್ಕೆ ನಿಗಮದ ಆಕ್ಷೇಪ ಬಂದದ್ದರಿಂದ ಆ ಭಾಗಕ್ಕೆ ಬಿಳಿ ಕಾಗದ ಅಂಟಿಸಲಾಯಿತು.

ಸಮಾರಂಭಕ್ಕೆ ಐದು ಕೆ.ಜಿ.ಯ ಕೇಕು ಬೇಕೆಂದು ಸಮಿತಿ ಯಶ್ಮಿತಾಳಿಗೇ ಆರ್ಡರು ಕೊಟ್ಟಿತು. ಹಿಂದಿನ ದಿನ ಇಬ್ಬರೂ ಸೇರಿ ಅದನ್ನು ಮಾಡಿದರು. ಅಪೇಕ್ಷಾ 'ಸ್ನೇಹ ವಿಸರ್ಜನೆ' ಎಂದು ಗುಲಾಬಿ ಬಣ್ಣದಲ್ಲಿ ಬರೆಯುವಾಗ ನಗು ತಡೆಯಲಾರದೆ ಒಂದು ಒತ್ತಕ್ಷರ ವಾಲಿತು. ಹಿತ್ತಿಲ ಮೆಟ್ಟಿಲಲ್ಲಿ ಕೂತು ಇಬ್ಬರಿಗೂ ಆಗುವ ಕಾರಣಗಳನ್ನು ಕಟ್ಟಿದರು. ಆರನೇ ಕ್ಲಾಸಿನಲ್ಲಿ ಕೊಂಡುಹೋದ ಹೇರ್‌ಪಿನ್ ವಾಪಸು ಕೊಡಲಿಲ್ಲ ಎಂಬುದು ಒಂದು. ಶಾಲೆಯ ಪ್ರವಾಸದ ಬಸ್ಸಿನಲ್ಲಿ ಇಡೀ ದಾರಿ ಗೊರಕೆ ಹೊಡೆದಳು ಎಂಬುದು ಇನ್ನೊಂದು. ಮೂರನೆಯದು ಎಷ್ಟು ಯೋಚಿಸಿದರೂ ಇಬ್ಬರಿಗೂ ಹೊಳೆಯಲಿಲ್ಲ. ಸ್ಟೇಜಿನಲ್ಲಿ ಬಾಯಿಗೆ ಬಂದದ್ದು ಹೇಳುವ, ಯಾರು ಕೇಳ್ತಾರೆ ಎಂದಳು ಅಪೇಕ್ಷಾ.

ಎಲ್ಲರೂ ಕೇಳಿದರು. ಸಭಾಭವನ ತುಂಬಿತ್ತು, ಯಾಕೆಂದರೆ ಕೊನೆಯಲ್ಲಿ ಊಟ ಇತ್ತು. ಹದಿನೇಳು ಮಂದಿ ವೇದಿಕೆಯಲ್ಲಿದ್ದರು. ಅತಿಥಿಗಳು ಸ್ನೇಹದ ಮಹತ್ವದ ಬಗ್ಗೆ ಒಂದೂವರೆ ಗಂಟೆ ಮಾತಾಡಿದರು, ಬೇರೆ ವಿಷಯ ಅವರು ತಯಾರು ಮಾಡಿಕೊಂಡಿರಲಿಲ್ಲ. ಕೊನೆಗೆ ಯಶ್ಮಿತಾಳ ಕೈಗೆ ಮೈಕು ಬಂತು. ಹೇರ್‌ಪಿನ್ನಿಗೆ ಸಭೆ ನಕ್ಕಿತು. ಗೊರಕೆಗೆ ಚಪ್ಪಾಳೆ ಬಿತ್ತು. ಚಪ್ಪಾಳೆ ಕೇಳಿ ಅವಳಿಗೆ ಒಂದು ನಮೂನೆ ಹುರುಪು ಬಂತು ನೋಡಿ, ಆ ಹುರುಪಿನಲ್ಲಿ ಮೂರನೆಯದು ತಾನಾಗಿಯೇ ಹೊರಗೆ ಬಿತ್ತು.

"ಕೇಕು ಮಾಡುದು ನಾನು. ಜನ ಹೊಗಳುದು ಇವಳ ಹೂವನ್ನು."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಶ್ಮಿತಾ, ಅಯ್ಯೋ, ಇದು ಎಲ್ಲಿತ್ತು ನನ್ನೊಳಗೆ ಅಂತ ಹೌಹಾರಿದಳು, ಆದರೆ ಮೈಕಿನಲ್ಲಿ ಹೇಳಿದ್ದನ್ನು ಯಾರೂ ವಾಪಸು ಕೊಡುವುದಿಲ್ಲ. ಮೈಕು ಅಪೇಕ್ಷಾಳಿಗೆ ಹೋಯಿತು. ಅವಳು ಹೇರ್‌ಪಿನ್ನು, ಗೊರಕೆ ಎರಡನ್ನೂ ಬಿಟ್ಟಳು.

"ನಾನು ಇವಳ ಹತ್ರ ಕೆಲಸ ಕೇಳ್ಲಿಲ್ಲ. ಇವಳೇ ಕೊಟ್ಟದ್ದು. ಕೊಡುವ ಮೊದಲು ಊರಿಗೆಲ್ಲ ಹೇಳಿದ್ದು, ಪಾಪ ಅವಳಿಗೆ ಕೆಲಸ ಹೋಯ್ತು ಅಂತ."

ಈ ಸಲ ಚಪ್ಪಾಳೆ ಸ್ವಲ್ಪ ತಡವಾಗಿ ಬಂತು. ಒಂದೇ ಕಾರಣವಾದರೂ ಮೂರರ ತೂಕ ಉಂಟು ಎಂದು ಗೌರೀಶಂಕರರು ವಿನಾಯಿತಿ ಕೊಟ್ಟು, 'ಎರಡೂ ಕಡೆಯ ಅಂತಿಮ ಕಾರಣಗಳು ಸಹಜವಾಗಿವೆ' ಎಂದು ಷರಾ ಬರೆದರು. ಇಬ್ಬರಿಗೂ ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಫೋಟೋದವನು ಸ್ವಲ್ಪ ಹತ್ತಿರ ನಿಲ್ಲಿ ಎಂದಾಗ ನಿಗಮ ಆಕ್ಷೇಪಿಸಿತು, ಮಧ್ಯದಲ್ಲಿ ಉಲ್ಲಾಸ್ ನಿಂತ. ವಂದನಾರ್ಪಣೆಗೆ ಮುಕ್ಕಾಲು ಗಂಟೆ ಹಿಡಿಯಿತು. ಬೀಫಾತುಮ್ಮ ಊಟಕ್ಕೆ ಕೂರದೆ ಎದ್ದು ಹೋದರು.

ಒವನ್ ಬಂತು. ಅಪೇಕ್ಷಾ ಮಂಗಳೂರಿಗೆ ಹೋಗಲಿಲ್ಲ. ಇನ್ನೇನು ಬೇಕು?

ನಿಗಮದ ಷರತ್ತು ಸರಳವಾಗಿತ್ತು. ಕೆಲಸದ ವೇಳೆ ಕೆಲಸದ ಮಾತು ಮಾತ್ರ, ಅದೂ ಪುಸ್ತಕದಲ್ಲಿ ಬರೆದು. 'ಮೊಟ್ಟೆ ಮುಗಿದಿದೆ, ಗಮನಕ್ಕೆ.' 'ಗಮನಿಸಲಾಗಿದೆ.' ಮೊದಮೊದಲು ಯಶ್ಮಿತಾಳಿಗೆ ಆ ಪುಸ್ತಕದಲ್ಲೇ ಒಂದು ಸಾಲು ಬರೆಯಬೇಕು, ಅವತ್ತು ಬಾಯಿತಪ್ಪಿ ಬಂತು ಮಾರಾಯ್ತಿ ಎನ್ನಬೇಕು ಅಂತ ಬಹಳ ಆಸೆಯಾಗುತ್ತಿತ್ತು. ಆದರೆ ಪುಸ್ತಕದ ಪುಟಗಳಿಗೆ ನಂಬರು ಇತ್ತು, ಪ್ರತಿ ತಿಂಗಳು ಸೀಲು ಬೀಳುತ್ತಿತ್ತು. ಬೆಳಿಗ್ಗೆ ಅಪೇಕ್ಷಾ ಮುಂಬಾಗಿಲಲ್ಲಿ ಬೆಲ್ಲು ಒತ್ತಿ ಬರುತ್ತಿದ್ದಳು. ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಹಾಗೇ ಕುಡಿಯುತ್ತಿದ್ದಳು, ಡಬ್ಬ ಮುಟ್ಟುತ್ತಿರಲಿಲ್ಲ. ಕೇಕು ಒಂದೂ ಕರಟಲಿಲ್ಲ. ನಿಗಮದ ಅಧ್ಯಯನ ಸರಿ ಅಂತ ಆಯಿತು.

ಅಪೇಕ್ಷಾಳ ಹುಟ್ಟುಹಬ್ಬ ಬಂತು. ಉಡುಗೊರೆ ಕೊಟ್ಟರೆ ಷರತ್ತಿನ ಉಲ್ಲಂಘನೆ. ಯಶ್ಮಿತಾ ಬೇರೆಯವರ ಹಾಗೆ ಆರ್ಡರ್ ಚೀಟಿ ಬರೆದಳು. ಅರ್ಧ ಕೆ.ಜಿ., ಅನಾನಸು, ಹೆಸರು ಅಪೇಕ್ಷಾ. ಚೀಟಿ ನೋಡಿ ಅಪೇಕ್ಷಾ ಕೋನು ಹಿಡಿದು ತನ್ನ ಕೇಕಿನ ಮೇಲೆ ತನ್ನ ಹೆಸರನ್ನು ತಾನೇ ಬರೆದಳು. ಪೆಟ್ಟಿಗೆಗೆ ಹಾಕಿ ಬೋಜನಿಗೆ ಕೊಟ್ಟಳು. ಬೋಜ ಅದನ್ನು ರಿಕ್ಷಾದಲ್ಲಿ ಕೂರಿಸಿ ಪೇಟೆಯವರೆಗೆ ಹೋಗಿ, ತಿರುಗಿಸಿಕೊಂಡು ಬಂದು ಅವಳ ಕೈಗೇ ಕೊಟ್ಟು ಸಹಿ ತೆಗೆದುಕೊಂಡ. ಅವಳು ಪುಸ್ತಕದಲ್ಲಿ ಬರೆದಳು: 'ತಲುಪಿದೆ.' ಯಶ್ಮಿತಾ ಒವನಿನ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಂಡಳು. ಬಿಸಿ ಜಾಸ್ತಿ ಇತ್ತು ಅಂತ ಯಾರು ಕೇಳಿದರೂ ಹೇಳಬಹುದಿತ್ತು, ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ನಿಯಮ ಜನಪ್ರಿಯವಾಗಿತ್ತು. ನೆಟ್ಟಣದಲ್ಲಿ ಇಬ್ಬರು, ಆಲಂಕಾರಿನಲ್ಲಿ ನಾಲ್ವರು ವಿಸರ್ಜನೆ ಮಾಡಿಕೊಂಡರು. ಪುತ್ತೂರಿನಲ್ಲಿ ಸಾಮೂಹಿಕವಾಗಿಯೇ ನಡೆಯಿತು. ಅಲ್ಲಿ ಇಬ್ಬರು ವಿಸರ್ಜನೆಗೋಸ್ಕರವೇ ಹೊಸದಾಗಿ ಗೆಳತಿಯರಾದರು ಎಂಬ ದೂರು ವಿಚಾರಣೆಯಲ್ಲಿದೆ.

ಎರಡು ವರ್ಷ ತುಂಬಿದ ದಿನ ಗೌರೀಶಂಕರರು ಖುದ್ದು ಬಂದರು. ಒಂದು ಕೆ.ಜಿ. ಪರೀಕ್ಷಿಸಿದರು. ಅವಧಿ ಮುಗಿದಿದೆ, ಒವನ್ ಇನ್ನು ಮುಂದೆ ನಿಮ್ಮದೇ, ನೀವು ಸ್ನೇಹ ಮುಂದುವರಿಸಲು ನಿಗಮದ ಅಭ್ಯಂತರ ಇಲ್ಲ ಎಂದು ಓದಿ ಹೇಳಿದರು. ಬೇಕಿದ್ದರೆ ಈಗಲೇ ಮಾತಾಡಬಹುದು, ನಾನು ಹೊರಗೆ ನಿಲ್ತೇನೆ ಎಂದು ಜಗಲಿಗೆ ಹೋದರು.

ಅಡುಗೆಮನೆಯಲ್ಲಿ ಇಬ್ಬರೇ ಉಳಿದರು. ಯಶ್ಮಿತಾ ಎರಡು ವರ್ಷ ಕಟ್ಟಿಟ್ಟುಕೊಂಡ ಮಾತನ್ನು ಹುಡುಕಿದಳು. ಇಟ್ಟ ಜಾಗದಲ್ಲಿ ಇರಲಿಲ್ಲ. ಅಪೇಕ್ಷಾ ಕೋನಿನ ತುದಿ ಒರೆಸಿದಳು, ಪುನಃ ಒರೆಸಿದಳು.

"ಮೊಟ್ಟೆ ಮುಗಿದಿದೆ," ಎಂದಳು ಯಶ್ಮಿತಾ ಕೊನೆಗೆ.

"ಪುಸ್ತಕದಲ್ಲಿ ಬರ್ದಿದ್ದೇನೆ."

ಮತ್ತೆ ಎಂತ ಮಾತಾಡುವುದು? ಯಶ್ಮಿತಾ ಜಗಲಿಗೆ ಬಂದು, ನವೀಕರಣ ಮಾಡುವ ಸರ್, ಕೆಲಸ ಸುಸೂತ್ರ ನಡೀತಾ ಉಂಟಲ್ಲ ಎಂದಳು. ಒಳಗಿನಿಂದ ಅಪೇಕ್ಷಾ, ಅದೇ ಒಳ್ಳೆದು ಎಂದಳು. ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಎರಡು ವರ್ಷದಲ್ಲಿ ಅದೇ ಮೊದಲು. ಗೌರೀಶಂಕರರು ಏಳನೆಯ ನಮೂನೆ ತೆಗೆದರು. ಸಾಕ್ಷಿಗೆ ಬೀಫಾತುಮ್ಮನನ್ನು ಕರೆಯಲಾಯಿತು.

ಬೀಫಾತುಮ್ಮ ಬಂದು ಜಗಲಿಯಲ್ಲಿ ಕೂತರು. ಒಳಗೆ ಒಬ್ಬಳನ್ನು ನೋಡಿದರು, ಹೊರಗೆ ಒಬ್ಬಳನ್ನು ನೋಡಿದರು. ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿಸಿ ಕೇಳಿದರು. ಈ ಇಬ್ಬರ ಮಧ್ಯೆ ಯಾವುದೇ ಸ್ನೇಹ ಇಲ್ಲವೆಂದು ನಾನು ಕಣ್ಣಾರೆ ಬಲ್ಲೆ ಎಂದು ಅದರಲ್ಲಿತ್ತು. ಕನ್ನಡಕ ಹಾಕಿಕೊಂಡು ಸಹಿ ಹಾಕಿ ಮನೆಗೆ ಹೋದರು.

ನವೀಕರಣದ ಸಮಾರಂಭ ಬರುವ ಭಾನುವಾರ ಹತ್ತು ಗಂಟೆಗೆ ಸರಿಯಾಗಿ. ಕೇಕಿನ ಆರ್ಡರು ಬಂದಿದೆ.