ಐದು ಮಾರಿನ ಬಾವಿಗೊಂದು ಕೈಪಂಪು

ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದೆ, ನನ್ನ ಮುಖ ನೋಡಿ ನಕ್ಕವರಿಲ್ಲ. ನಿವೃತ್ತನಾಗಿ ಒಂದು ಕೈಪಂಪು ಕೊಳ್ಳಲು ಹೊರಟಿದ್ದೇ ತಡ, ಕಾಲಿಟ್ಟಲ್ಲೆಲ್ಲ ನಗೆಪಾಟಲು.

ಯಲ್ಲಾಪುರದಾಚೆಯ ಗುಡ್ಡದ ಮೇಲೆ ಒಂದೇ ಕೋಣೆಯ ಮನೆ ಕಟ್ಟಿಕೊಂಡಿದ್ದೆವು. ಕರೆಂಟಿನ ಕಂಬ ಅಲ್ಲಿಗೆ ಇನ್ನೂ ಹತ್ತಿಲ್ಲ. ಬಾವಿಯ ಹಗ್ಗ ಜಗ್ಗಿ ಜಗ್ಗಿ ಹೆಂಡತಿಯ ಭುಜ ಹಿಡಿದುಕೊಂಡಿತು. "ಪಂಪು ಬರೋವರೆಗೆ ನೀರು ಸೇದೋದು ನಿಮ್ಮ ಪಾಲು" ಎಂದಳು. ಮಾರನೆಯ ದಿನವೇ ಇಬ್ಬರೂ ಶಿರಸಿ ಬಸ್ಸು ಹತ್ತಿದೆವು.

ಯಾರ ಮಾರು?

ಶಿರಸಿಯ ಪಂಪಿನ ಅಂಗಡಿಯ ಭಾಯಿ ಕೇಳಿದರು, "ನೀರು ಎಷ್ಟು ಆಳದಲ್ಲಿದೆ, ಕಂಡಕ್ಟರ್ ಸಾಹೇಬ್ರೆ?"

"ಐದು ಮಾರು" ಎಂದು ಎರಡೂ ಕೈ ಚಾಚಿ ತೋರಿಸಿದೆ.

ಭಾಯಿ ನನ್ನ ಕೈಯ ಉದ್ದ ನೋಡಿ ತಲೆ ಅಲ್ಲಾಡಿಸಿದರು. "ಮೂವತ್ತು ಅಡಿ ಆಯ್ತು. ಈ ಸಣ್ಣ ಪಂಪು ಇಪ್ಪತ್ತೈದು ದಾಟಿದ್ರೆ ಎಳೆಯೋದಿಲ್ಲ. ದೊಡ್ಡದೇ ಬೇಕು."

ದೊಡ್ಡದರ ಹಿಡಿಕೆ ಜಗ್ಗಲು ಇಬ್ಬರು ಬೇಕು. "ಹಗ್ಗ ಅಳೆದವಳು ಆನು, ಇವರಲ್ಲ!" ಎಂದಳು ಹೆಂಡತಿ.

"ಹಂಗಾದ್ರೆ ಅಕ್ಕನ ಮಾರು ಅಳೀರಿ" ಎಂದು ಭಾಯಿ ನನ್ನ ಕೈಗೆ ಟೇಪು ಕೊಟ್ಟರು. ಅವಳು ಅಂಗಡಿ ನಡುವೆ ಕೈ ಚಾಚಿ ನಿಂತಳು. ನಾಲ್ಕೂವರೆ ಅಡಿ! ಐದು ಮಾರಿಗೆ ಇಪ್ಪತ್ತೆರಡೂವರೆ. ಸಣ್ಣ ಪಂಪೇ ಸಾಕು ಎಂದು ಕುಣಿಯುವುದೊಂದು ಬಾಕಿ, ಹಾದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಒಳಗೆ ಇಣುಕಿದಳು:

"ಹಬ್ಬದೊಳಗೆ ನನ್ನದೂ ಎರಡು ಬ್ಲೌಸು ಹೊಲಿದು ಕೊಡ್ತೀರಾ?"

ಪರೀಕ್ಷೆ

"ತಗೊಳ್ಳೋ ಮೊದಲು ಹೊಡೆದು ನೋಡಿ" ಎಂದು ಭಾಯಿ ನಮ್ಮನ್ನು ಸಿದ್ದಾಪುರದ ಹತ್ತಿರ ಕೋಲಸಿರ್ಸಿಗೆ, ಅದೇ ಪಂಪು ಹಾಕಿಸಿಕೊಂಡವರ ಮನೆಗೆ ಕಳಿಸಿದರು.

ಆ ಮನೆಯಾಕೆ ಕೊಡ ತಂದಿಟ್ಟರು. ಹೊಡೆದೆ, ತುಂಬಿತು. "ಹಗುರ ಇದೆ" ಎಂದೆ.

"ಒಂದು ಕೊಡಕ್ಕೆ ಯಾವ ಪಂಪೂ ಹಗುರವೇ. ಹತ್ತು ಕೊಡ ಆದ ಮೇಲೆ ಹೇಳಿ" ಎಂದರು. ನ್ಯಾಯವಾದ ಮಾತು. ಬಚ್ಚಲ ಹಂಡೆ ತುಂಬಿತು, ಎಮ್ಮೆಯ ಬಾನಿ ತುಂಬಿತು, ಕೊನೆಗೆ ಅಂಗಳದ ಮಲ್ಲಿಗೆ ಗಿಡಗಳಿಗೂ ನೀರಾಯಿತು. ನನ್ನ ಹೆಂಡತಿ ಕಟ್ಟೆಯ ಮೇಲೆ ಕೂತು ಅವರ ಮನೆಯ ಚಹ ಕುಡಿಯುತ್ತಿದ್ದಳು.

"ಚೊಲೋ ಪಂಪು" ಎಂದೆ, ಏದುಸಿರು ಬಿಡುತ್ತ.

"ಒಂದೇ ದಿನಕ್ಕೆ ಅದರ ಗುಣ ಗೊತ್ತಾಗ್ತಿಲ್ಲೆ" ಎಂದರು ಆಕೆ. "ನಾಳೆಯೂ ಬನ್ನಿ."

ಮೊದಲ ನೀರು

ಅಂತೂ ಪಂಪು ಗುಡ್ಡ ಹತ್ತಿತು. ಯಲ್ಲಾಪುರದ ಫಿಟ್ಟರ್ ಬಾವಿಗೆ ಚಪ್ಪಡಿ ಮುಚ್ಚಿ, ಸಿಮೆಂಟು ಬಳಿದು, ಮೇಲೆ ಪಂಪು ಕೂರಿಸಿದ. ಮರುದಿನ ಹಿಡಿಕೆ ಒತ್ತಿದರೆ ಬರೀ ಗೊರ್ ಗೊರ್.

"ವಾಷರ್ ಒಣಗಿದೆ. ಮೇಲಿಂದ ಒಂದು ಚೊಂಬು ನೀರು ಕುಡಿಸಿ" ಎಂದ ಫಿಟ್ಟರ್.

"ನೀರು ಎಲ್ಲಿದೆ?"

"ಬಾವಿಯಲ್ಲಿ."

ಬಾವಿಗೆ ಚಪ್ಪಡಿ. ಮುಚ್ಚುವ ಮೊದಲು ಸೇದಿಟ್ಟಿದ್ದ ನೀರು ಅವನ ಊಟಕ್ಕೇ ಮುಗಿದಿತ್ತು. ಹೆಂಡತಿ ಹಿಂದೆಮುಂದೆ ನೋಡದೆ ಮಜ್ಜಿಗೆ ಪಾತ್ರೆ ತಂದು ಪಂಪಿನ ಬಾಯಿಗೆ ಸುರಿದಳು. "ಹೊಡೀರಿ!" ಎಂದು ಫಿಟ್ಟರ್ ಕೂಗಿದ.

ಅಷ್ಟರಲ್ಲಿ ಕೆಳಗಿನ ಮನೆಯ ಅಜ್ಜ ಕೋಲೂರಿಕೊಂಡು ಪಂಪು ನೋಡಲು ಬಂದರು. ಮಜ್ಜಿಗೆ ಸುರಿದದ್ದು ಅವರಿಗೇನು ಗೊತ್ತು? ಭಸಭಸನೆ ಬೆಳ್ಳಗೆ ಧಾರೆ ಸುರಿಯಿತು. ನಾನು ಬಾಯಿ ತೆರೆಯುವುದರೊಳಗೆ ಅಜ್ಜ ಬೊಗಸೆಯೊಡ್ಡಿ ಕುಡಿದೇಬಿಟ್ಟರು. ಇನ್ನೊಂದು ಬೊಗಸೆ ಕುಡಿದರು. ಮೀಸೆ ಒರೆಸಿಕೊಂಡು ಪಂಪನ್ನು ಮೇಲಿನಿಂದ ಕೆಳಗೆ ನೋಡಿದರು.

"ತಮಾ, ನಮ್ಮನೆ ಎಮ್ಮೆಗೆ ಹಾಲು ಬತ್ತಿ ತಿಂಗಳಾತು. ನಂಗೂ ಇದೇ ಪಂಪು ಒಂದು ಕೊಡ್ಸು."